ಫೋರ್ಸ್ ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದೇ? ಒಂದು ಸ್ಪಷ್ಟನೆ

ಶಿವಮೊಗ್ಗದ ಸಿನಿಮಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಸ್ಟಾರ್ ವಾರ್ಸ್‌ನ ಫೋರ್ಸ್ ನಮ್ಮ ಕೂಡಲಿ ಇದ್ದ ಹಾಗೆ. ಒಳ್ಳೆಯದೊಂದು ಹೊಳೆ, ಕೆಟ್ಟದ್ದೊಂದು ಹೊಳೆ. ಸಮಸಮ ಸೇರಿದರೆ ಸಮತೋಲನ.’ ಓದಲು ಚಂದ, ಆದರೆ ತಪ್ಪು. (ತುಂಗೆ, ಭದ್ರೆಯರಲ್ಲಿ ಕೆಟ್ಟವಳು ಯಾರಂತೆ? ಭದ್ರಾವತಿಯವರ ಎದುರು ಹೇಳಿ ನೋಡಲಿ!)

1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಹಿರಿಯ ಯೋಧ ಓಬಿ-ವಾನ್ ಹೇಳುವಂತೆ ಫೋರ್ಸ್ ಎಂದರೆ ಎಲ್ಲ ಜೀವಿಗಳಿಂದ ಹುಟ್ಟುವ, ಗ್ಯಾಲಕ್ಸಿಯನ್ನೇ ಬೆಸೆದಿರುವ ಶಕ್ತಿ. ‘ಕರಾಳ ಮುಖ’ದ ಮಾತೂ ಅಲ್ಲೇ ಬರುತ್ತದೆ, ನಿಜ. ಅದೇನೆಂದು 1980ರ ಚಿತ್ರದಲ್ಲಿ ಗುರು ಯೋಡಾ ಬಿಡಿಸಿ ಹೇಳುತ್ತಾನೆ: ಸಿಟ್ಟು, ಭಯ, ಆಕ್ರಮಣ. ಮೂರೂ ಫೋರ್ಸ್ ಬಳಸುವವನ ಮನಸ್ಸಿನವು. ತರಬೇತಿಯ ನಡುವೆ ಎದುರಾಗುವ ಗುಹೆಯೊಳಗೆ ಏನಿದೆ ಎಂದು ಶಿಷ್ಯ, ಕಥಾನಾಯಕ ಲ್ಯೂಕ್ ಕೇಳಿದಾಗಲೂ ಉತ್ತರ ಅದೇ ಧಾಟಿಯದು: ನೀನು ಒಯ್ದದ್ದಷ್ಟೇ. ಆ ಜಾಗದಲ್ಲಿ ಕರಾಳ ಶಕ್ತಿ ದಟ್ಟವಾಗಿದೆ ಎಂದೂ ಯೋಡಾ ಹೇಳುತ್ತಾನೆ. ಹಾಗಾಗಿ ಎಲ್ಲವೂ ಬರೀ ಮನಸ್ಸಿನದೇ ಎಂದು ನಾನೂ ಹಟ ಹಿಡಿಯಲಾರೆ. ಆದರೆ ಖಳನಾಯಕ ವೇಡರ್ ದೂರದಿಂದಲೇ ಕತ್ತು ಹಿಸುಕುವ ವಿದ್ಯೆಯನ್ನು 1983ರ ಚಿತ್ರದಲ್ಲಿ ಪಾತಕಿಗಳ ದೊರೆ ಜಬ್ಬಾನ ಕಾವಲುಗಾರರ ಮೇಲೆ ಪ್ರಯೋಗಿಸುವವನು ಲ್ಯೂಕ್! ಅವನೇನು ಖಳನಾಯಕನಾಗಲಿಲ್ಲ.

ಇನ್ನು ‘ಸಮಸಮ’. 2005ರ ಚಿತ್ರದಲ್ಲಿ ಓಬಿ-ವಾನ್ ತನ್ನ ಶಿಷ್ಯ, ವೇಡರ್ ಆಗಿ ಬದಲಾದ ಅನಾಕಿನ್‌ನನ್ನು ಬೈಯುವುದೇ ಇದಕ್ಕೆ: ಕರಾಳ ಮುಖವನ್ನೇ ಅಪ್ಪಿಕೊಂಡ ಸಿತ್‌ಗಳನ್ನು ನಾಶಮಾಡಿ ಸಮತೋಲನ ತರಬೇಕಾದವನು ಅವರ ಜೊತೆಗೇ ಸೇರಿದೆಯಲ್ಲ ಎಂದು. ಅರ್ಧರ್ಧ ಹಂಚಿಕೆಯ ಮಾತು ಅಲ್ಲಿಲ್ಲ. ಆದರೆ ‘ದ ಕ್ಲೋನ್ ವಾರ್ಸ್’ ಎಂಬ ಸ್ಟಾರ್ ವಾರ್ಸ್ ಅನಿಮೇಷನ್ ಧಾರಾವಾಹಿಯಲ್ಲಿ 2011ರಲ್ಲಿ ಬಂದ, ಮಾರ್ಟಿಸ್ ಎಂಬ ಲೋಕದ ಕಂತುಗಳಲ್ಲಿ ಬೆಳಕಿನ ಮಗಳು, ಕತ್ತಲಿನ ಮಗ, ನಡುವೆ ತಂದೆ ಇದ್ದಾರೆ. ಸಂದೇಶ ಬರೆದವರು ಬಹುಶಃ ಅದನ್ನಷ್ಟೇ ನೋಡಿರಬೇಕು.