ಗೂಬೆ ಕೂರಿಸಿದರೂ ಜಗ್ಗದ ಪಾರಿವಾಳಗಳು

ಪಾರಿವಾಳ ಶಾಂತಿಯ ಸಂಕೇತ ಅಂತ ಮೊದಲು ಹೇಳಿದವರ ಮನೆಗೆ ಬಾಲ್ಕನಿ ಇರಲಿಲ್ಲ ಅಂತ ಕಾಣುತ್ತದೆ. ಬೆಳಗಾಗುವ ಮೊದಲೇ ಎಸಿ ಡಬ್ಬದ ಮೇಲೆ ಗುಟುರು ಶುರು. ಅದು ಮುಗಿಯುವಷ್ಟರಲ್ಲಿ ಒಣಗಲು ಹಾಕಿದ ಬಟ್ಟೆ ಮೇಲೆ ಹಿಕ್ಕೆ. ಬಿಳಿ ಅಂಗಿಗೆ ಹಸಿರು, ಕಪ್ಪು ಪ್ಯಾಂಟಿಗೆ ಬಿಳಿ, ಬಣ್ಣ ನೋಡಿಯೇ ಹಾಕುತ್ತವೇನೋ.

ಓಡಿಸೋಣ ಅಂತ ಪ್ಲಾಸ್ಟಿಕ್ ಗೂಬೆ ತಂದು ಕೂರಿಸಿದೆವು. ದೊಡ್ಡ ಹಳದಿ ಕಣ್ಣು, ರಾತ್ರಿ ಲೈಟ್ ಹಾಕಿದರೆ ನನಗೇ ಎದೆ ಧಸಕ್ ಎನ್ನುತ್ತಿತ್ತು. ಪಾರಿವಾಳಗಳು ಸ್ವಲ್ಪ ದಿನ ದೂರದಿಂದಲೇ ಗಮನಿಸಿದವು. ಗೂಬೆ ಅಲುಗಾಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಗಂಡು ಬಂದು ಅದರ ತಲೆ ಮೇಲೇ ಕೂತು, ಕುತ್ತಿಗೆ ಉಬ್ಬಿಸಿ, ಹೆಣ್ಣನ್ನು ಕರೆಯಲು ಶುರು ಮಾಡಿತು. "ಪಾಪ, ಅದಕ್ಕೊಂದು ವೇದಿಕೆ ಬೇಕಿತ್ತು, ನೀವು ಮಾಡಿಕೊಟ್ಟಿರಿ" ಅಂದಳು ಹೆಂಡತಿ.

ಆಮೇಲೆ ಒಂದು ಯಂತ್ರ. ಮನುಷ್ಯರಿಗೆ ಕೇಳಿಸದ ಕೀಚಲು ಸದ್ದು ಹೊರಡಿಸಿ ಹಕ್ಕಿ ಓಡಿಸುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ತಮಾಷೆ ಏನೆಂದರೆ, ಅಷ್ಟು ಕೀಚಲು ಸದ್ದು ಪಾರಿವಾಳಕ್ಕೂ ಕೇಳಿಸುವುದಿಲ್ಲ. ಅದರ ಕಿವಿ ಚುರುಕಿರುವುದು ತೀರಾ ತಗ್ಗು ಸ್ಥಾಯಿಯ ಸದ್ದಿಗೆ. ಅಂದರೆ ಯಾರಿಗೂ ಕೇಳಿಸದ ಕಛೇರಿಯೊಂದು ನಮ್ಮ ಕರೆಂಟಿನಲ್ಲಿ ಹಗಲೂ ರಾತ್ರಿ ನಡೆಯುತ್ತಿತ್ತು!

ಅವುಗಳ ತಪ್ಪೂ ಅಲ್ಲ ಬಿಡಿ. ಇವುಗಳ ಪೂರ್ವಜರು ಕಡಿದಾದ ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದ ಕಾಡು ಪಾರಿವಾಳಗಳು. ಅವುಗಳ ಲೆಕ್ಕದಲ್ಲಿ ನಮ್ಮ ಕಟ್ಟಡವೂ ಬಂಡೆಯೇ, ಕಿಟಕಿಯ ಸಜ್ಜಾ ಒಳ್ಳೆ ಜಾಗ. ಮಧ್ಯೆ ಬಂದು ಸೇರಿಕೊಂಡವರು ನಾವು.

ಅಷ್ಟರಲ್ಲಿ ಬಕೆಟ್ ಹಿಂದೆ ಗೂಡು ಬಂತು. ಗೂಡು ಅನ್ನುವುದು ಮರ್ಯಾದೆಗೆ. ನಾಲ್ಕು ಕಡ್ಡಿ, ಒಂದು ತುಂಡು ವೈರು, ನಮ್ಮದೇ ಪೊರಕೆಯಿಂದ ಎಳೆದ ಎಳೆಗಳು, ನಡುವೆ 2 ಬಿಳಿ ಮೊಟ್ಟೆ. ಇನ್ನು ಎಬ್ಬಿಸುವುದಕ್ಕೆ ಮನಸ್ಸು ಬರುತ್ತಾ? ಸುಮಾರು 18 ದಿನ ಕಾವು, ಮರಿ ಹಾರುವುದಕ್ಕೆ ಮತ್ತೊಂದು ತಿಂಗಳು. ಹಗಲು ಗಂಡು ಕೂರುತ್ತದೆ, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು. ಈ ಶಿಫ್ಟ್ ವಿಷಯ ನಾನು ಮನೆಯಲ್ಲಿ ಸುಮ್ನೆ ಹೇಳಿದ್ದಷ್ಟೇ, "ನೋಡಿ ಕಲೀರಿ" ಅನ್ನುವುದು ಈಗ ದಿನಾ ಕೇಳಿಸುತ್ತದೆ.

ಮರಿಗಳು ಹಾರಿದ ಮೇಲೆ ಬಾಲ್ಕನಿ ತೊಳೆದೆ. ಒಣಗಿದ ಹಿಕ್ಕೆಯನ್ನು ಹಾಗೇ ಕೆರೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೊದಲು ನೀರು ಹಾಕಿ ನೆನೆಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಕೊನೆಗೆ ಬಲೆ ಹಾಕಿಸಿದೆವು. ಇಷ್ಟರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅದೊಂದೇ, ಎಲ್ಲೂ ಸಂದಿ ಬಿಡದೆ ಬಿಗಿಯಾಗಿ ಕಟ್ಟಿದ್ದರೆ ಮಾತ್ರ.

ಮಾರನೇ ವಾರ ಪಕ್ಕದ ಮನೆಯವರು ಬಾಗಿಲು ತಟ್ಟಿದರು. "ಸಾರ್, ನಿಮ್ಮ ಪಾರಿವಾಳಗಳು ನಮ್ಮ ಬಾತ್‌ರೂಮ್ ಕಿಟಕಿಗೆ ಬರ್ತಿವೆ, ಸ್ವಲ್ಪ ನೋಡ್ಕೊಳ್ಳಿ."

ನಮ್ಮ ಪಾರಿವಾಳಗಳಂತೆ!