ನಗೆಯೋಗ ಮಾಡಿದರೆ ಬಿಪಿ ಮಾತ್ರೆ ಬಿಡಬಹುದೇ?

‘ದಿನಕ್ಕೆ 10 ನಿಮಿಷ ನಕ್ಕರೆ ಬಿಪಿ, ಶುಗರ್ ಮಾತ್ರೆಯೇ ಬೇಡ’ ಎನ್ನುವ ಸಂದೇಶ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಜೋರಾಗಿ ನಗುವಾಗ ಎದೆಬಡಿತ, ರಕ್ತದೊತ್ತಡ ಎರಡೂ ಸ್ವಲ್ಪ ಹೊತ್ತು ಏರುತ್ತವೆ. ಆಮೇಲೆ ಸ್ನಾಯುಗಳು ಸಡಿಲಗೊಂಡು ಮೈ ಹಗುರ ಎನಿಸುತ್ತದೆ. ಅದನ್ನೇ ಗುಣವಾಯಿತೆಂದು ತಿಳಿದು ಮಾತ್ರೆ ನಿಲ್ಲಿಸುವುದು ಅಪಾಯ. ತೂಕ ಇಳಿಯುತ್ತದೆ ಎಂಬುದೂ ಅಷ್ಟಕ್ಕಷ್ಟೇ: 10–15 ನಿಮಿಷದ ನಗುವಿಗೆ ಖರ್ಚಾಗುವುದು ಸುಮಾರು 10–40 ಕ್ಯಾಲೊರಿ.

ಹಾಗೆಂದು ನಗೆಯೋಗ, ಅಂದರೆ ಗುಂಪಾಗಿ ಸೇರಿ ಬೇಕೆಂದೇ ನಗುತ್ತ ದೀರ್ಘ ಉಸಿರಾಡುವ ಅಭ್ಯಾಸ, ವ್ಯರ್ಥವಲ್ಲ. 1995ರಲ್ಲಿ ಮುಂಬೈಯ ವೈದ್ಯ ಮದನ್ ಕಟಾರಿಯಾ ಪಾರ್ಕಿನಲ್ಲಿ ಶುರುಮಾಡಿದ ಈ ಅಭ್ಯಾಸದ ಬಲ ಇರುವುದು ಗುಂಪಿನಲ್ಲಿ. ಎದುರಿನವರ ಕಣ್ಣು ನೋಡುತ್ತ ನಕ್ಕರೆ ನಟನೆಯ ನಗುವೂ ಬೇಗ ನಿಜವಾಗಿಬಿಡುತ್ತದೆ. ಒಂಟಿಯಾಗಿರುವ ಹಿರಿಯರಿಗೆ ದೊಡ್ಡ ಲಾಭ ಇದೇ ಎನ್ನಬೇಕು.

ಮಾಡುವ ಕ್ರಮ ಹೀಗೆ: ಮೊದಲು ‘ಹೋ ಹೋ, ಹ ಹ ಹ’ ಎನ್ನುತ್ತ ಚಪ್ಪಾಳೆ. ನಂತರ ಅರ್ಧ ನಿಮಿಷ ನಗು, ಎರಡು ದೀರ್ಘ ಉಸಿರು, ಮತ್ತೆ ನಗು. ಒಟ್ಟು 20 ನಿಮಿಷ ಸಾಕು. ಕಿರುಚಿ ನಕ್ಕರೆ ಗಂಟಲು ಕಟ್ಟುತ್ತದೆ, ಹೊಟ್ಟೆಯಿಂದ ನಗಬೇಕು. ಬಿಡುವಿಲ್ಲದೆ ನಕ್ಕರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತಬಹುದು. ನಗುವಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಹೆಚ್ಚುವುದರಿಂದ ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಜೊತೆಗೆ ಬಿಪಿ ಹತೋಟಿಗೆ ಬಾರದವರು ವೈದ್ಯರನ್ನು ಕೇಳದೆ ಶುರುಮಾಡಬಾರದು.