ಸ್ಪಷ್ಟನೆ: ತೇಲುವ ಗಾಡಿಯಾದರೂ ಮಂಜುಗಡ್ಡೆಯ ದಪ್ಪ ಅಳೆಯಲೇಬೇಕು
“ಆರ್ಗೋದಂಥ ಎಂಟು ಚಕ್ರದ ಗಾಡಿ ನೀರಲ್ಲೂ ತೇಲುತ್ತೆ, ಹೆಪ್ಪುಗಟ್ಟಿದ ಕೆರೆ ಮೇಲೆ ಧೈರ್ಯವಾಗಿ ಓಡಿಸಿ, ದಪ್ಪ ನೋಡೋದೇ ಬೇಡ” ಎಂಬ ಸಂದೇಶ ಅಮೆರಿಕದ ಮಿನ್ನೆಸೋಟದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ತೇಲುವುದು ನಿಜ. ಉಳಿದದ್ದು ತಪ್ಪು.

ಮಂಜುಗಡ್ಡೆ ಒಡೆದು ಗಾಡಿ ನೀರಿಗಿಳಿದರೆ ಮತ್ತೆ ಮೇಲೆ ಹತ್ತುವುದೇ ಕಷ್ಟ. ನೀರಲ್ಲಿ ಅದನ್ನು ಮುಂದೆ ತಳ್ಳುವುದು ತಿರುಗುವ ಟೈರುಗಳಷ್ಟೇ. ವೇಗ ನಾವು ನಡೆಯುವಷ್ಟು. ಗಾಡಿಯ ಮೂತಿ ಮಂಜುಗಡ್ಡೆಯ ಅಂಚಿಗೆ ತಾಗಿದೊಡನೆ ಒದ್ದೆ ಟೈರು ಜಾರುತ್ತದೆ, ಇಲ್ಲವೇ ಅಂಚೇ ಮುರಿಯುತ್ತದೆ. ಇನ್ನಷ್ಟು ಗ್ಯಾಸ್ ಕೊಟ್ಟರೆ ಇನ್ನೊಂದು ತುಂಡು ಮುರಿಯುತ್ತದೆ, ಅಷ್ಟೆ. ಗಾಡಿಯ ತಳದಲ್ಲಿ ನೀರು ಹೊರಬಿಡುವ ತೂತಿಗೆ ಬಿರಡೆ ಹಾಕಲು ಮರೆತಿದ್ದರಂತೂ ತೇಲುವ ಮಾತೂ ಇಲ್ಲ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದ್ದರೆ ನೀರೆತ್ತುವ ಪಂಪೂ ಕೆಲಸ ಮಾಡದು.

ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆ ಹೀಗಿದೆ: ಹೊಸ, ತಿಳಿಯಾದ ಮಂಜುಗಡ್ಡೆ ನಡೆಯಲು 4 ಇಂಚು, ಸಣ್ಣ ಎಟಿವಿಗೆ (ಕಚ್ಚಾ ನೆಲದಲ್ಲೂ ಓಡುವ ಪುಟ್ಟ ಗಾಡಿಗೆ) 5ರಿಂದ 7 ಇಂಚು ಇರಬೇಕು. ಬಿಳಿಚಿಕೊಂಡಿದ್ದರೆ ಇದರ ಎರಡರಷ್ಟು. ಹೋಗುತ್ತಾ ಅಲ್ಲಲ್ಲಿ ಕೊರೆದು ಅಳೆಯಿರಿ, ಒಂದೇ ಕೆರೆಯಲ್ಲೂ ದಪ್ಪ ಒಂದೇ ಸಮ ಇರುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳಿ.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.